ಗೋಡೆ ಇಳಿದ ನೀಲಿ ಸೈಕಲ್

ನನ್ನ ಗಂಡ ಬೆಲ್ಮಿರು ಸೈಕಲ್ಲಿನಿಂದ ಬಿದ್ದದ್ದನ್ನು ಡಂಡಾಸ್ ಬೀದಿಯ ಜನ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಾರೆ. ಮೊನ್ನೆ ಬೇಕರಿಯಲ್ಲಿ ಒಬ್ಬಳು, ನಾನು ಯಾರೆಂದು ಗೊತ್ತಿಲ್ಲದೆ, ನನಗೇ ಹೇಳಿದಳು: ಪಾಪ, ಅವರಿಗೆ ತಲೆ ಸುತ್ತು ಬಂತಂತೆ. ತಲೆ ಸುತ್ತೂ ಇಲ್ಲ, ಸುಡುಗಾಡೂ ಇಲ್ಲ. ಅವನು ಬಿದ್ದದ್ದು ಹಟಕ್ಕೆ. ಅವನ ಹಟಕ್ಕಿಂತ ದೊಡ್ಡ ಹಟ ಇನ್ನೊಬ್ಬಳದ್ದಿತ್ತು. ನಾನು ಹೇಳಹೊರಟಿರುವುದು ಅವಳ ಕತೆ. ನಡುವೆ ಗಂಡನ ಮಾನ ಸ್ವಲ್ಪ ಹೋದರೆ ಹೋಗಲಿ.

ಅವಳ ಹೆಸರು ಇದಾಲಿನಾ. ಅಮದೇವು ಫುರ್ತಾದುವಿನ ಮಗಳು. ಚರ್ಚಿನಲ್ಲಿ ಜ್ಞಾನಸ್ನಾನದ ದಿನ ಆ ಕೂಸನ್ನು ಎತ್ತಿಕೊಂಡು ನಿಂತವರು ನಾನು ಮತ್ತು ಬೆಲ್ಮಿರು. ಅಂದಿನಿಂದ ಅವಳಿಗೆ ಅವನು ಪದ್ರೀನ್ಯು, ನಾನು ಮದ್ರೀನ್ಯಾ, ದೇವರೆದುರು ಒಪ್ಪಿಕೊಂಡ ಎರಡನೆಯ ಅಪ್ಪ ಅಮ್ಮ. ನಾವು ಬಿಟ್ಟುಬಂದ ದ್ವೀಪದ ರೂಢಿಯಂತೆ ಎಲ್ಲಿ ಸಿಕ್ಕಿದರೂ, ಟ್ರಾಮಿನ ನೂಕುನುಗ್ಗಲಲ್ಲಿ ಸಿಕ್ಕಿದರೂ, ಮೊದಲು “ಆಶೀರ್ವಾದ ಮಾಡಿ” ಅನ್ನುತ್ತಾಳೆ. ನಾವು “ದೇವರು ಒಳ್ಳೇದು ಮಾಡಲಿ” ಅಂದಮೇಲೆ ಮುಂದಿನ ಮಾತು. ಜಗಳ ಆಡುವುದಿದ್ದರೂ ಆಮೇಲೆಯೇ. ಈಗ ಅವಳ ತಲೆಯೂ ಅರ್ಧ ನೆರೆತಿದೆ, ಆದರೂ ಇದು ತಪ್ಪಿಲ್ಲ.

ಅವಳು ಹಗಲೆಲ್ಲ ವಕೀಲರ ಕಾಗದಪತ್ರಗಳನ್ನು ಸೈಕಲ್ ಮೇಲೆ ಕೋರ್ಟಿಗೆ ಮುಟ್ಟಿಸುತ್ತಾಳೆ. ಬೆನ್ನಿಗೆ ಚೀಲ, ಪ್ಯಾಂಟಿನ ಬಲಗಾಲು ಮಡಿಚಿ ಮೇಲಕ್ಕೆ. ಸಂಜೆಯಾದರೆ ಮನೆಯ ಹಿಂದಿನ ಓಣಿಯ ಗ್ಯಾರೇಜಿನಲ್ಲಿ ಹಳೆಯ ರೇಸ್ ಸೈಕಲ್ಲುಗಳನ್ನು ಬಿಚ್ಚುತ್ತಾ ಕೂರುತ್ತಾಳೆ. ಜನ ಹೊಸದು ಕೊಂಡು ಹಳೆಯದನ್ನು ಕಸದ ದಿನ ಫುಟ್‌ಪಾತಿಗೆ ತಂದು ಒರಗಿಸಿರುತ್ತಾರಲ್ಲ, ಅವೇ ಅವಳ ಮಾಲು. ತೆಳ್ಳನೆಯ ಉಕ್ಕಿನ ಕೊಳವೆ, ಬಾಗಿದ ಹ್ಯಾಂಡಲ್, ತುಕ್ಕು ಹಿಡಿದ ಗೇರು. ಅವಳು ಗೇರನ್ನೆಲ್ಲ ಕಿತ್ತು ಡಬ್ಬಿಗೆ ಎಸೆಯುತ್ತಾಳೆ. ಅದರ ತಂತಿ, ಅದರ ಹಿಡಿ, ಹಿಂಚಕ್ರದ ಮೇಲಿನ ಹಲ್ಲುಚಕ್ರಗಳ ಗೊಂಚಲು, ಎಲ್ಲ. ಬೇರೆ ಹಿಂಚಕ್ರ ಕೂರಿಸಿ ಅದಕ್ಕೆ ಒಂದೇ ಒಂದು ಹಲ್ಲುಚಕ್ರ ಬಿಗಿಯುತ್ತಾಳೆ. ಅದು ಸಡಿಲವಾಗದಂತೆ ಮೇಲೊಂದು ಉಂಗುರ. ಆ ಉಂಗುರವನ್ನು ಮಾತ್ರ ಎಡಕ್ಕೆ ತಿರುಗಿಸಿ ಬಿಗಿಮಾಡಬೇಕು. ನಲ್ಲಿ ತಿರುಗಿಸಿ ಅಭ್ಯಾಸವಾದ ನನ್ನ ಕೈಗೆ ಅದು ಇವತ್ತಿಗೂ ಒಗ್ಗಿಲ್ಲ.

ಇಂಥ ಸೈಕಲ್ಲಿನ ಮೇಲೆ ಕಾಲಿಗೆ ಬಿಡುವಿಲ್ಲ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲು ತಿರುಗುತ್ತಲೇ ಇರುತ್ತದೆ. ಇಳಿಜಾರು ಬಂತೆಂದು ತುಳಿಯುವುದನ್ನು ನಿಲ್ಲಿಸಿ ಹಾಯಾಗಿ ಕೂರುವ ಹಾಗಿಲ್ಲ. ವೇಗ ತಗ್ಗಿಸಬೇಕಾದರೆ ಪೆಡಲನ್ನು ಹಿಂದಕ್ಕೆ ಒತ್ತಿ ಕಾಲಿನಿಂದಲೇ ತಡೆಯಬೇಕು. ಮುಂಚಕ್ರಕ್ಕೊಂದು ಬ್ರೇಕು ಇಟ್ಟಿರುತ್ತಾಳೆ, ಅಷ್ಟೇ. “ಸುಸ್ತಾಗಲ್ವೇನೇ?” ಎಂದು ಒಮ್ಮೆ ಕೇಳಿದ್ದೆ. “ಆಗತ್ತೆ ಮದ್ರೀನ್ಯಾ. ಆದ್ರೆ ನಮ್ಮ ಚಳಿಗಾಲದಲ್ಲಿ ಹಿಮ ಕರಗ್ಲಿ ಅಂತ ರಸ್ತೆಗೆ ಸುರೀತಾರಲ್ಲ ಉಪ್ಪು, ಅದು ತಿನ್ನೋಕೆ ಇದರಲ್ಲಿ ಗೇರೇ ಇಲ್ಲ. ತಿಂದ್ರೆ ನನ್ನೇ ತಿನ್ಬೇಕು,” ಎಂದು ನಕ್ಕಿದ್ದಳು.

ಅವಳ ಅಪ್ಪ ಅಮದೇವು ಇಟ್ಟಿಗೆ ಕೆಲಸದವನು. ವಾರವೆಲ್ಲ ಗೋಡೆ ಕಟ್ಟಿ, ಭಾನುವಾರ ಬೆಳಿಗ್ಗೆ ತನ್ನ ನೀಲಿ ಇಟಲಿ ಸೈಕಲ್ಲು ಹತ್ತಿದನೆಂದರೆ ಮನುಷ್ಯನೇ ಬೇರೆ. ನಮ್ಮ ದ್ವೀಪದವರ ಕ್ಲಬ್ಬಿನಲ್ಲಿ ಸೈಕಲ್ ಮಂಡಳಿ ಶುರುಮಾಡಿದವನೂ ಅವನೇ. ಅವನ ಹಿಂದೆ ನನ್ನ ಗಂಡನೂ ಸೇರಿ ಒಂದು ಹಿಂಡು ಗಂಡಸರು ಸರೋವರದ ದಂಡೆಯುದ್ದಕ್ಕೂ ಹೋಗಿ, ಮಧ್ಯಾಹ್ನಕ್ಕೆ ಹಸಿದ ತೋಳಗಳಂತೆ ವಾಪಸಾಗುತ್ತಿದ್ದರು. ಅಷ್ಟು ಹೊತ್ತಿಗೆ ನಾನು ಕ್ಲಬ್ಬಿನ ಅಡುಗೆಮನೆಯಲ್ಲಿ ಉಪ್ಪುಮೀನು ಬೇಯಿಸಿ ಇಟ್ಟಿರಬೇಕು. ಭಾನುವಾರದ ಪೂಜೆ ತಪ್ಪಿಸುತ್ತೀರಿ ಎಂದು ಪಾದ್ರಿಗಳು ಗೊಣಗಿದಾಗ ಅಮದೇವು ಒಂದು ನೇಮ ಮಾಡಿದ. ಚರ್ಚಿನ ಮುಂದೆ ಬರುವಾಗ ಎಲ್ಲರೂ ಪೆಡಲು ತುಳಿಯುವುದನ್ನು ನಿಲ್ಲಿಸಬೇಕು, ಟೋಪಿ ಕೈಗೆ ಬರಬೇಕು, ಸೈಕಲ್ಲು ತನ್ನಷ್ಟಕ್ಕೆ ತಾನೇ ಚರ್ಚನ್ನು ದಾಟಬೇಕು. ಮಾತಿಲ್ಲ, ಕತೆಯಿಲ್ಲ, ಹಿಂಚಕ್ರಗಳ ಟಿಕಟಿಕ ಒಂದೇ ಸದ್ದು. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಅಡುಗೆಮನೆಯ ಕಿಟಕಿಯಿಂದ ಅದನ್ನು ನೋಡಲೆಂದೇ ನಾನು ಒಲೆ ಸಣ್ಣ ಮಾಡಿ ಬರುತ್ತಿದ್ದೆ.

ಆದರೆ ಆ ಸೈಕಲ್ಲನ್ನು ಮಗಳು ಮುಟ್ಟುವಂತಿರಲಿಲ್ಲ. ಶನಿವಾರ ವರಾಂಡದಲ್ಲಿ ಅವನು ಅದಕ್ಕೆ ಎಣ್ಣೆ ಹಾಕುವಾಗ ಇದಾಲಿನಾ ಬಟ್ಟೆ ಹಿಡಿದುಕೊಂಡು ಪಕ್ಕದಲ್ಲಿ ನಿಲ್ಲಬಹುದು, ಅಷ್ಟೇ ಅವಳ ಪಾಲು. ಸವಾರಿ ಕಲಿಸಿದ್ದು ಮಗ ತಿಬೇರಿಯುವಿಗೆ. ಆ ಮಹರಾಯ ಎರಡು ಬೇಸಿಗೆ ಓಡಿಸಿ ಬೇಜಾರಾಗಿ ಬಿಟ್ಟ. ಈಗ ಮಿಸಿಸಾಗಾದಲ್ಲಿ ಕಾರು ಮಾರುತ್ತಾನೆ. ಇದಾಲಿನಾ ಯಾರದೋ ಮುರುಕಲು ಸೈಕಲ್ಲಿನಲ್ಲಿ ತಾನಾಗಿ ಕಲಿತಳು. ಕಾಗದ ಮುಟ್ಟಿಸುವ ಕೆಲಸಕ್ಕೆ ಸೇರಿದಾಗ ಅಮದೇವುವಿಗೆ ತಲೆ ತಗ್ಗಿಸುವಂತಾಯಿತಂತೆ: ಹುಡುಗರ ಥರ ಬೀದಿ ಸುತ್ತುವ ಮಗಳು! ಒಮ್ಮೆ ಅವನು ಪೇಟೆಯಲ್ಲಿ ದೊಡ್ಡ ಕಟ್ಟಡವೊಂದಕ್ಕೆ ಇಟ್ಟಿಗೆ ಇಡುತ್ತಿದ್ದಾಗ ಇವಳು ಲಕೋಟೆ ಹಿಡಿದು ಅಲ್ಲಿಗೇ ಬಂದಳು. ಅಪ್ಪನನ್ನು ಕಂಡು, ಎಲ್ಲರ ಎದುರಿಗೆ, “ಆಶೀರ್ವಾದ ಮಾಡಿ ಅಪ್ಪ” ಅಂದಳು. ಅವನು ಕರಣೆ ಎತ್ತಿಕೊಂಡು ಗೋಡೆಯ ಕಡೆ ಮುಖ ತಿರುಗಿಸಿದ. ಇದನ್ನು ಅವಳು ನನಗೆ ಹೇಳಿದ್ದು ಒಂದೇ ಸಲ, ಹೇಳುವಾಗ ಅಳಲಿಲ್ಲ. ನಾನು ಅತ್ತೆ.

ಸಾಯುವ ಮುಂಚೆ ಆಸ್ಪತ್ರೆಯಲ್ಲಿ ಅಮದೇವು ಬೆಲ್ಮಿರುವಿನ ಕೈ ಹಿಡಿದು, ಸೈಕಲ್ಲು ಕ್ಲಬ್ಬಿಗೆ ಅಂದ. ಮಗಳು ಹಾಸಿಗೆಯ ಇನ್ನೊಂದು ಬದಿಯಲ್ಲೇ ಕೂತಿದ್ದಳು. ಗಂಡಸರು ಅದಕ್ಕೊಂದು ಗಾಜಿನ ಪೆಟ್ಟಿಗೆ ಮಾಡಿಸಿ, ಫುಟ್‌ಬಾಲ್ ತಂಡಗಳ ಶಾಲುಗಳ ನಡುವೆ ಗೋಡೆಗೆ ಏರಿಸಿದರು. ವರ್ಷಕ್ಕೊಮ್ಮೆ, ಅವನು ತೀರಿಕೊಂಡ ತಿಂಗಳ ಮೊದಲ ಭಾನುವಾರ, ಅದನ್ನು ಇಳಿಸಿ, ಒಬ್ಬ ಕೈಯಲ್ಲಿ ತಳ್ಳಿಕೊಂಡು ಮುಂದೆ ಹೋಗುವುದು, ಉಳಿದವರು ಅವನ ಹಿಂದೆ ನಿಧಾನಕ್ಕೆ ಸವಾರಿ. ಚರ್ಚು ದಾಟಿದ ಮೇಲೆ ಅದನ್ನು ವ್ಯಾನಿಗೆ ಹಾಕಿ ಮತ್ತೆ ಗೋಡೆಗೆ. ಇದಾಲಿನಾ ಮಂಡಳಿಗೆ ಸೇರಿಸಿಕೊಳ್ಳಿ ಎಂದು ಕೇಳಿದಳು. ಹೆಂಗಸರಿಗೆ ಅಡುಗೆ ಸಮಿತಿ ಇದೆಯಲ್ಲ ಎಂದರು. ಹೇಳಿದವನು ಯಾರು? ಅಧ್ಯಕ್ಷ, ನನ್ನ ಗಂಡ. ಆ ವಾರ ಅವನಿಗೆ ಉಪ್ಪಿಲ್ಲದ ಸಾರು ಬಡಿಸಿದೆ. ಗೊತ್ತಾಗಲಿಲ್ಲ ಅವನಿಗೆ.

ಒಂದು ವರ್ಷ ಆ ಸೈಕಲ್ಲು ತಳ್ಳಿದರೂ ಉರುಳಲಿಲ್ಲ. ಗೇರಿನ ತೋಳು ಬಾಗಿ ಹಿಂಚಕ್ರಕ್ಕೆ ತಗುಲಿಕೊಂಡಿತ್ತು. ಇಬ್ಬರು ಮುದುಕರು ಹಿಂಭಾಗವನ್ನು ಎತ್ತಿ ಹಿಡಿದು, ಏದುಸಿರು ಬಿಡುತ್ತಾ, ಹೆಣ ಹೊತ್ತವರಂತೆ ನಡೆದರು. ಮುಂದಿನ ವಸಂತದಲ್ಲಿ ಬೆಲ್ಮಿರು ಹೇಳಿದ: “ಇದಾಲಿನಾ ಹತ್ರ ಕಳ್ಸೋಣ. ಒರೆಸಿ, ಎಣ್ಣೆ ಬಿಟ್ಟು ಕೊಡ್ತಾಳೆ.”

“ಒರ್ಸೋಕೆ ಮಾತ್ರ ಬೇಕು ಅವ್ಳು, ಅಲ್ವಾ?” ಅಂದೆ.

“ನಿಂದೊಂದು ಶುರುವಾಯ್ತಲ್ಲ ಗ್ರಸಿಂದಾ. ತಗೊಂಡು ಹೋಗಿ ಕೊಡು ಮಾರಾಯ್ತಿ, ಸಾಕು.”

ವ್ಯಾನಿಗೆ ಹಾಕಿಸಿ ತಗೊಂಡು ಹೋಗಿ ಕೊಟ್ಟೆ. ಓಣಿಯಲ್ಲಿ ಅದನ್ನು ಕಂಡಾಗ ಇದಾಲಿನಾಳ ಮುಖ ಏನೇನೋ ಆಯಿತು. ಮುಟ್ಟಲಿಲ್ಲ. ಒಳಗೆ ಹೋಗಿ ಕೈ ತೊಳೆದುಕೊಂಡು ಬಂದಳು. ಕೈ ಕೊಳೆ ಮಾಡುವ ಕೆಲಸಕ್ಕೆ ಮುಂಚೆ ಯಾರಾದರೂ ಕೈ ತೊಳೆಯುತ್ತಾರೆಯೇ? ಅವಳು ತೊಳೆದಳು. ಆಮೇಲೆ ಹ್ಯಾಂಡಲ್ ಹಿಡಿದು ಒಳಗೆ ಕರೆದುಕೊಂಡಳು, ಮನೆಗೆ ಬಂದ ನೆಂಟರನ್ನು ಕರೆದುಕೊಂಡ ಹಾಗೆ.

ಎರಡನೆಯ ಸಲ ಹೋದಾಗ ಗೇರು ಡಬ್ಬಿಯಲ್ಲಿತ್ತು. ನನಗೆ ನಗುವೂ ಬಂತು, ಭಯವೂ ಆಯಿತು. “ಏನೇ ಇದು? ಒರ್ಸೋಕಲ್ವಾ ಕೊಟ್ಟಿದ್ದು?”

“ಒರೆಸ್ತಾ ಇದೀನಿ. ಬೇಡದ್ದನ್ನೆಲ್ಲ.”

ಹಳೆಯ ಸೈಕಲ್ಲಾದ್ದರಿಂದ ಹಿಂಚಕ್ರ ಕೂರುವ ಸೀಳು ಅಡ್ಡಕ್ಕೆ ಉದ್ದವಾಗಿತ್ತು. ಚಕ್ರವನ್ನು ಹಿಂದಕ್ಕೆ ಎಳೆದು ಚೈನು ಬಿಗಿಮಾಡಿ, ಬೆರಳಿನಿಂದ ಒತ್ತಿ ನೋಡಿ, ಮತ್ತೆ ಎಳೆದಳು. ಕೊನೆಗೆ ಗರಗಸ ತೆಗೆದುಕೊಂಡಳು. ಹಿಂಚಕ್ರದ ಅಚ್ಚಿನ ಕೆಳಗೆ ಫ್ರೇಮಿನಿಂದಲೇ ಬೆಳೆದ ಒಂದು ಕಿವಿ ಇರುತ್ತದೆ, ಹೆಬ್ಬೆರಳಿನಷ್ಟು ಉಕ್ಕು. ಗೇರು ನೇತುಹಾಕುವುದು ಅದಕ್ಕೇ. ಅದರ ಮೇಲೆ ಗರಗಸ ಇಟ್ಟಾಗ ನಾನು ಅವಳ ತೋಳು ಹಿಡಿದೆ.

“ಅದನ್ನ ಕತ್ತರಿಸ್ಲೇಬೇಕಾ?”

“ಬೇಕಿಲ್ಲ. ಇದ್ರೂ ಓಡತ್ತೆ.”

“ಮತ್ತೆ?”

“ಇದು ಇದ್ರೆ ನಾಳೆ ಗೇರು ಕಟ್ಟಿ, ಮೊದಲಿನ ಹಾಗೆ ಮಾಡಿ, ಮತ್ತೆ ಗೋಡೆಗೆ ಏರಿಸ್ತಾರೆ. ಕೈ ಬಿಡಿ ಮದ್ರೀನ್ಯಾ.”

ಬಿಟ್ಟೆ. ಯಾಕೆ ಬಿಟ್ಟೆ ಎಂದು ಗಂಡ ಈಗಲೂ ಕೇಳುತ್ತಾನೆ. ಬಿಡಬೇಕು ಅನಿಸಿತು, ಬಿಟ್ಟೆ. ಗರಗಸ ಕಿರ್ರೋ ಎಂದಿತು, ಆ ಚೂರು ನೆಲಕ್ಕೆ ಬಿತ್ತು. ಅವಳು ಕತ್ತರಿಸಿದ ಜಾಗವನ್ನು ಅರದಿಂದ ಉಜ್ಜಿ ನಯಮಾಡಿ, ನೀಲಿ ಬಣ್ಣ ಮುಟ್ಟಿಸಿ, ಸೀಟನ್ನು ತನ್ನ ಎತ್ತರಕ್ಕೆ ಇಳಿಸಿದಳು. ಸೀಟು ಇಳಿಸಿದ್ದನ್ನು ಕಂಡಾಗಲೇ ನನಗೆ ಪೂರ್ತಿ ಅರ್ಥವಾಯಿತು, ಭಾನುವಾರ ಏನಾಗಲಿದೆ ಎಂದು.

ಭಾನುವಾರ ಕ್ಲಬ್ಬಿನ ಮುಂದೆ ಗಂಡಸರೆಲ್ಲ ಬಿಗಿಯಾದ ಅಂಗಿಯಲ್ಲಿ ಹೊಟ್ಟೆ ಎಳೆದುಕೊಂಡು ನಿಂತಿದ್ದರು. ಇದಾಲಿನಾ ಸೈಕಲ್ಲು ನಡೆಸಿಕೊಂಡು ಬಂದಳು. ನೀಲಿ ಬಣ್ಣ ಹೊಳೆಯುತ್ತಿತ್ತು, ಒಂದು ಸಪೂರ ಚೈನು, ಬೇರೆ ಏನೂ ಇಲ್ಲ. ಉಟ್ಟದ್ದನ್ನೆಲ್ಲ ಕಳಚಿ ಈಜಲು ನಿಂತಂತಿತ್ತು.

“ಆಶೀರ್ವಾದ ಮಾಡಿ ಪದ್ರೀನ್ಯು.”

“ದೇವರು ಒಳ್ಳೇದು...” ಅಷ್ಟರಲ್ಲಿ ಬೆಲ್ಮಿರುವಿನ ಕಣ್ಣು ಹಿಂಚಕ್ರದ ಮೇಲೆ ಬಿತ್ತು. ಆಶೀರ್ವಾದ ಅರ್ಧಕ್ಕೇ ನಿಂತಿತು. “ಗೇರೆಲ್ಲಿ?”

“ತೆಗೆದೆ.”

“ತೆಗೆದ್ಯಾ? ಯಾರನ್ನ ಕೇಳಿ ತೆಗೆದೆ? ಮೊದಲು ಹೋಗಿ ಎಲ್ಲಾ ಇದ್ದ ಹಾಗೇ ಹಾಕ್ಕೊಂಡು ಬಾ!”

“ಆಗಲ್ಲ.” ಅವಳು ಜೇಬಿನಿಂದ ಉಕ್ಕಿನ ಆ ಚೂರು ತೆಗೆದು ಅವನ ಅಂಗೈಯಲ್ಲಿಟ್ಟಳು. “ಗೇರು ನಿಲ್ಲೋ ಜಾಗನೇ ಇಲ್ಲ ಈಗ. ಗೋಡೆಗೆ ಏನಾದ್ರೂ ಬೇಕೇಬೇಕು ಅಂದ್ರೆ ಇದನ್ನ ಹಾಕ್ಕೊಳ್ಳಿ.”

ಒಬ್ಬ ಎದೆಗೆ ಶಿಲುಬೆಯ ಗುರುತು ಹಾಕಿಕೊಂಡ. ಇನ್ನೊಬ್ಬ, “ಅಮದೇವು ಗೋರೀಲಿ ಮಗ್ಗುಲು ಬದಲಾಯಿಸ್ತಾನೆ” ಎಂದ. ಬೆಲ್ಮಿರುವಿನ ಕಿವಿಗಳು ಕೆಂಪಗಾದವು. ನಲವತ್ತು ಚಿಲ್ಲರೆ ವರ್ಷ ಆ ಕಿವಿಗಳನ್ನು ನೋಡಿದವಳು ನಾನು. ಆಗ ಅವನ ಹತ್ತಿರ ಮಾತಾಡಬಾರದು.

ಅವಳು ಮಾತಾಡಿದಳು. “ಈ ವರ್ಷ ತಳ್ಳೋದು ಬೇಡ. ಓಡತ್ತೆ ಈಗ. ನಾನು ಓಡಿಸ್ತೀನಿ.”

“ಓಡೋದಾದ್ರೆ ನಾನು ಓಡಿಸ್ತೀನಿ! ಅಮದೇವು ಆದ್ಮೇಲೆ ಈ ಮಂಡಳೀಲಿ ಮುಂದೆ ಹೋಗೋನು ನಾನು.” ಅವನು ಹ್ಯಾಂಡಲ್ ಕಿತ್ತುಕೊಂಡ.

“ಪದ್ರೀನ್ಯು, ಕೇಳಿ ಇಲ್ಲಿ. ತುಳಿಯೋದನ್ನ ನಿಲ್ಲಿಸ್ಬೇಡಿ. ಏನಾದ್ರೂ ಆಗ್ಲಿ, ಕಾಲು ನಿಲ್ಲಿಸ್ಬೇಡಿ.”

“ನೀನು ತೊಟ್ಟಿಲಲ್ಲಿದ್ದಾಗ ನಾನು ರೇಸು ಗೆದ್ದೋನು. ನಂಗೆ ಸೈಕಲ್ ಹೇಳ್ಕೊಡ್ತೀಯಾ?”

“ಏ ಮಾರಾಯ, ಅವ್ಳು ಹೇಳೋದು ಕೇಳ್ಕೋ,” ಎಂದು ನಾನು ಬಾಗಿಲಲ್ಲಿ ನಿಂತು ಕೂಗಿದೆ. ಕೇಳಲಿಲ್ಲ. ಇಳಿಸಿದ ಸೀಟಿನ ಮೇಲೆ ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು, ಪೆಡಲಿನ ಪಟ್ಟಿಗೆ ಕಾಲು ತೂರಿಸಿ ಹೊರಟೇಬಿಟ್ಟ. ಹಿಂಡು ಹಿಂದೆ ಹೊರಟಿತು. ಇದಾಲಿನಾ ಪಕ್ಕದಲ್ಲೇ ಓಡುತ್ತಿದ್ದಳು. ನಾನು ಏಪ್ರನ್ ಕೂಡ ಬಿಚ್ಚದೆ ಫುಟ್‌ಪಾತಿನ ಮೇಲೆ ಎಷ್ಟು ಸಾಧ್ಯವೋ ಅಷ್ಟು ಬಿರುಸಾಗಿ ನಡೆದೆ.

ಚರ್ಚಿನವರೆಗೆ ಚೆನ್ನಾಗಿಯೇ ಹೋದ. ಜನರತ್ತ ತಿರುಗಿ ನಕ್ಕ ಕೂಡ, ನೋಡಿ ಇಷ್ಟೇ ಅನ್ನುವಂತೆ. ಚರ್ಚು ಬಂತು. ಅವನ ಕೈ ತಾನಾಗಿ ಟೋಪಿಗೆ ಹೋಯಿತು. ಅವನ ಕಾಲು ತಾನಾಗಿ ನಿಂತಿತು. ಭಾನುವಾರ ಭಾನುವಾರ ಮಾಡಿದ್ದನ್ನೇ ಮಾಡಿದ. ಆದರೆ ಪೆಡಲು ನಿಲ್ಲಲಿಲ್ಲ. ಅದು ಅವನ ಕಾಲನ್ನು ಎತ್ತಿ ಒಗೆಯಿತು, ಒಂದೇ ಕೈಯಲ್ಲಿದ್ದ ಹ್ಯಾಂಡಲ್ ಮುರಿದುಕೊಂಡಂತೆ ತಿರುಗಿತು, ನನ್ನ ಗಂಡ ಟೋಪಿ ಸಮೇತ ಚರ್ಚಿನ ಮೆಟ್ಟಿಲಿನ ಎದುರಿಗೆ ಅಂಗಾತ ಬಿದ್ದ. ಒಳಗೆ ಹಾಡು ನಡೆಯುತ್ತಿತ್ತು.

ಓಡಿ ಹೋಗಿ ನೋಡಿದೆ. ಮೊಣಕೈ ತರಚಿತ್ತು, ಪ್ಯಾಂಟು ಹರಿದಿತ್ತು, ಮೂಳೆ ಗಟ್ಟಿಯಾಗಿತ್ತು. ಅಷ್ಟು ಖಾತ್ರಿಯಾದ ಮೇಲೆ ನನಗೆ ಬಂದ ನಗುವನ್ನು ಏಪ್ರನ್ನಿನಲ್ಲಿ ಮುಚ್ಚಿಕೊಂಡೆ. ಇದಾಲಿನಾ ನಗಲಿಲ್ಲ. ಮೊದಲು ಅವನ ಕಾಲನ್ನು ಪಟ್ಟಿಯಿಂದ ಬಿಡಿಸಿ, ಕೈಕೊಟ್ಟು ಎಬ್ಬಿಸಿದಳು. ಆಮೇಲೆ ಸೈಕಲ್ಲು ಎತ್ತಿ, ಚಕ್ರ ತಿರುಗಿಸಿ ನೋಡಿದಳು.

“ಇದು ಸೈಕಲ್ಲಲ್ಲ, ಕತ್ತೆ!” ಎಂದು ಬೆಲ್ಮಿರು ಕಿರುಚಿದ. “ವ್ಯಾನಿಗೆ ಹಾಕ್ರೋ ಇದನ್ನ. ಚರ್ಚಿನ ಮುಂದೆ ಕಾಲು ನಿಲ್ಲಿಸೋಕಾಗದ ಸೈಕಲ್ಲು ಈ ಮಂಡಳೀದೇ ಅಲ್ಲ!”

“ಅಪ್ಪ ನಂಗೆ ಇದನ್ನ ಕೊಡ್ಲಿಲ್ಲ,” ಅಂದಳು ಅವಳು. ಧ್ವನಿ ಸಣ್ಣಗಿತ್ತು, ಆದರೆ ಎಲ್ಲರಿಗೂ ಕೇಳಿಸಿತು. “ಬದುಕಿದ್ದಾಗ್ಲೂ ಕೊಡ್ಲಿಲ್ಲ, ಸಾಯೋವಾಗ್ಲೂ ಕೊಡ್ಲಿಲ್ಲ. ಗೊತ್ತು ನಂಗೆ. ನೀವು ಕೊಡೋದೂ ಬೇಡ. ನಾನು ತಗೋತಾ ಇದೀನಿ. ಪೊಲೀಸ್ ಕರೀಬೇಕು ಅಂದ್ರೆ ಕರೀರಿ.”

“ಆಶೀರ್ವಾದ ಸಿಗಲ್ಲ ನಿಂಗೆ!”

“ಅರ್ಧ ಆಗ್ಲೇ ಸಿಕ್ಕಿದೆ. ಅಷ್ಟು ಸಾಕು.”

ಸೈಕಲ್ಲನ್ನು ನಾಲ್ಕು ಹೆಜ್ಜೆ ಹಿಂದಕ್ಕೆ ಒಯ್ದು ಹತ್ತಿದಳು. ಚರ್ಚಿನ ಬಾಗಿಲಿಗೆ ಸರಿಯಾಗಿ ಬಂದಾಗ ಪೆಡಲನ್ನು ಹಿಂದಕ್ಕೆ ಒತ್ತಿ ಹಿಡಿದಳು. ಸೈಕಲ್ಲು ನಿಂತಿತು. ನೆಲಕ್ಕೆ ಕಾಲು ಕೊಡಲಿಲ್ಲ. ಮುಂಚಕ್ರ ಓರೆಮಾಡಿ, ಕೂದಲೆಳೆಯಷ್ಟು ಹಿಂದೆ, ಕೂದಲೆಳೆಯಷ್ಟು ಮುಂದೆ, ಎರಡೇ ಚಕ್ರದ ಮೇಲೆ ಗಕ್ಕನೆ ನಿಂತಳು. ಕೋರ್ಟಿನ ಹತ್ತಿರ ಕೆಂಪು ದೀಪ ಬಿದ್ದಾಗ ಕಾಗದ ಮುಟ್ಟಿಸುವವರು ನಿಲ್ಲುವುದೇ ಹೀಗೆ. ಒಂದು ಕೈಯಿಂದ ಟೋಪಿ ತೆಗೆದು ಎದೆಗಿಟ್ಟುಕೊಂಡಳು. ಅವಳ ಹಿಂದೆ ಮತ್ತೆ ಹೊರಟ ಗಂಡಸರ ಸೈಕಲ್ಲುಗಳು ಟಿಕಟಿಕ ಎನ್ನುತ್ತಾ ಬಂದು, ಮುಂದೆ ಹೋಗಲು ದಾರಿಯಿಲ್ಲದೆ, ಒಬ್ಬೊಬ್ಬರೂ ಎಡವಿ ಬಿದ್ದಂತೆ ಕಾಲು ಕೆಳಗಿಟ್ಟು ನಿಂತರು. ಟಿಕಟಿಕ ನಿಂತುಹೋಯಿತು. ಅವಳೊಬ್ಬಳೇ ನೆಲ ಮುಟ್ಟದೆ ಇದ್ದವಳು. ಒಳಗೆ ಹಾಡು ಮುಗಿಯುವವರೆಗೂ ಹಾಗೇ ಇದ್ದಳು. ಆಮೇಲೆ ಟೋಪಿ ಹಾಕಿಕೊಂಡು ಸರೋವರದ ಕಡೆಗೆ ಹೊರಟಳು.

ಎಲ್ಲರೂ ಅವಳ ಹಿಂದೆ ಹೋದರು ಎಂದರೆ ಸುಳ್ಳಾಗುತ್ತದೆ. ಅರ್ಧ ಜನ ಹೋದರು. ಉಳಿದವರು ಬೆಲ್ಮಿರುವಿನ ಸುತ್ತ ನಿಂತು, ಕಾಲ ಕೆಟ್ಟಿತು ಎಂದರು. ಆಮೇಲೆ ಕ್ಲಬ್ಬಿನಲ್ಲಿ ಎರಡು ಸಭೆ ನಡೆದವು. ಸೈಕಲ್ಲು ವಾಪಸು ಕೊಡಬೇಕೆಂದು ಹೇಳಿ ಕಳಿಸಿದರು. ಬಂದು ತಗೊಂಡು ಹೋಗಲಿ ಎಂದು ಅವಳು ಹೇಳಿ ಕಳಿಸಿದಳು. ಯಾರೂ ಹೋಗಲಿಲ್ಲ. ಗಾಜಿನ ಪೆಟ್ಟಿಗೆ ಗೋಡೆಯ ಮೇಲೆ ಖಾಲಿ ಇದೆ. ನನ್ನ ದೊಡ್ಡ ಸಾರಿನ ಬಟ್ಟಲುಗಳನ್ನಾದರೂ ಇಡೋಣ ಎಂದದ್ದಕ್ಕೆ ಗಂಡ ಒಂದು ವಾರ ಮಾತು ಬಿಟ್ಟ. ನನಗೂ ಸ್ವಲ್ಪ ನೆಮ್ಮದಿ ಸಿಕ್ಕಿತು.

ಜನವರಿಯಲ್ಲಿ ಅವನ ಕಣ್ಣು ತೋರಿಸಲು ಪೇಟೆಗೆ ಹೋಗಿದ್ದೆವು. ಹಿಂದಿನ ದಿನ ಹಿಮ ಬಿದ್ದು, ರಸ್ತೆಯೆಲ್ಲ ಉಪ್ಪು ಕಲಸಿದ ಕಂದು ಕೆಸರು. ಟ್ರಾಮಿಗೆ ಕಾಯುತ್ತಿದ್ದಾಗ ಬೆಲ್ಮಿರು ನನ್ನ ತೋಳನ್ನು ಬಿಗಿಯಾಗಿ ಹಿಡಿದ. ಕೋರ್ಟಿನ ಮುಂದಿನ ಕಂಬಕ್ಕೆ ಅಮದೇವುವಿನ ಸೈಕಲ್ಲು ಕಟ್ಟಿತ್ತು. ನೀಲಿ ಎಲ್ಲಿದೆ ಎಂದು ಹುಡುಕಬೇಕು, ಹಾಗೆ ಕೆಸರು ಮೆತ್ತಿಕೊಂಡಿತ್ತು. ಮುಂಚಕ್ರ ಹಿಡಿದಿರುವ ಕವಲಿನ ಹೊಳಪಿನ ಮೇಲೆ ತುಕ್ಕಿನ ಚುಕ್ಕೆಗಳು ಎದ್ದಿದ್ದವು. ಕೊಳವೆಗಳ ಮೇಲೆ ಉಪ್ಪು ಬೆಳ್ಳಗೆ ಒಣಗಿತ್ತು.

ಅವನು ಕೈಗವಸು ತೆಗೆದು, ಬೆರಳಿನಿಂದ ಆ ಉಪ್ಪನ್ನು ಕೆರೆಯುತ್ತಾ ನಿಂತುಬಿಟ್ಟ. ಟ್ರಾಮು ಬಂತು, ಹೋಯಿತು. ಅವನ ಕಣ್ಣಲ್ಲಿ ನೀರಿತ್ತು, ಚಳಿಯದ್ದಲ್ಲ. ಆಗ ಇದಾಲಿನಾ ಚೀಲ ಬಿಗಿದುಕೊಳ್ಳುತ್ತಾ ಮೆಟ್ಟಿಲು ಇಳಿದು ಬಂದು, “ಆಶೀರ್ವಾದ ಮಾಡಿ” ಅಂದಳು.

“ಕೊಂದ್ಬಿಟ್ಯಲ್ಲೇ ಇದನ್ನ!” ಎಂದು ಅವನು ಬೀದಿಗೆ ಕೇಳಿಸುವಂತೆ ಕೂಗಿದ. “ಒಂದು ಗೀರು ಬೀಳೋಕೆ ಬಿಡ್ತಿರ್ಲಿಲ್ಲ ನಿಮ್ಮಪ್ಪ. ಮಳೆ ಬಂದ್ರೆ ಕೋಟು ಬಿಚ್ಚಿ ಇದಕ್ಕೆ ಹೊದಿಸ್ತಿದ್ದ. ನೋಡು ಏನಾಗಿದೆ! ಇನ್ನು ನಾಲ್ಕು ಚಳಿಗಾಲ, ಅಷ್ಟೇ. ಸವೆದುಹೋಗತ್ತೆ!”

ಅವಳು ಬೀಗ ತೆಗೆದಳು. ಕೈಗಳು ಕೆಂಪಗೆ ಒಡೆದಿದ್ದವು, ಗೆಣ್ಣುಗಳಲ್ಲಿ ರಕ್ತದ ಗೆರೆ. ಇಟ್ಟಿಗೆ ಕೆಲಸದವರ ಕೈಗಳನ್ನು ನಾನು ನೋಡಿದ್ದೇನೆ. ಹೀಗೇ ಇರುತ್ತವೆ.

“ಸವೆಯತ್ತೆ,” ಅಂದಳು. “ಅಪ್ಪಾನೂ ಈ ಊರಲ್ಲಿ ಕೆಲ್ಸ ಮಾಡಿ ಮಾಡೇ ಸವೆದದ್ದು ಪದ್ರೀನ್ಯು. ಅವ್ರನ್ನ ಯಾರೂ ಗಾಜಿನ ಪೆಟ್ಟಿಗೇಲಿ ಇಡ್ಲಿಲ್ಲ.”

ಬೆಲ್ಮಿರು ಉಪ್ಪು ಹತ್ತಿದ ಬೆರಳನ್ನು ಕೋಟಿಗೆ ಒರೆಸಿಕೊಂಡ. ದೀಪ ಹಸಿರಾಯಿತು. ಅವಳು ಸೈಕಲ್ಲು ಹತ್ತಿ, ಟ್ರಾಮಿನ ಹಳಿಯನ್ನು ಓರೆಯಾಗಿ ದಾಟಿ, ಕೆಸರು ಹಾರಿಸುತ್ತಾ ಮುಂದಿನ ಕಾಗದ ಮುಟ್ಟಿಸಲು ಹೋದಳು.